ಕ್ಯಾರಿಯಾಕೂವಿನ ಮೂರು ಜೇನು ಪೆಟ್ಟಿಗೆಗಳು

ಬಾರ್ಬಡೋಸ್ ವಿಮಾನ ನಿಲ್ದಾಣ

ನಾನು ವಿದೇಶಕ್ಕೆ ಹೋದದ್ದು ಜೀವಮಾನದಲ್ಲಿ ಒಂದೇ ಸಲ. ಆ ಒಂದು ಸಲವೂ ಕರೆದವರು ‘ಬರಬೇಡಿ’ ಎಂದ ಮೇಲೆ ಹೋದದ್ದು. ತಪ್ಪು ನನ್ನದಲ್ಲ. ಅವರು ಆ ಪತ್ರ ಬರೆಯುವಾಗ ನಾನು ಮೋಡಗಳ ಮೇಲಿದ್ದೆ. ಮೂರು ವಿಮಾನ ಬದಲಾಯಿಸಿ ಬಾರ್ಬಡೋಸಿನಲ್ಲಿ ಇಳಿದು, ಅಲ್ಲಿ ಒಬ್ಬ ಪುಣ್ಯಾತ್ಮನ ಸಹಾಯದಿಂದ ಫೋನಿಗೆ ಜೀವ ಬರಿಸಿದಾಗಲೇ ಅದು ಕಣ್ಣಿಗೆ ಬಿದ್ದದ್ದು. ‘ಚಂಡಮಾರುತ ಕ್ಯಾರಿಯಾಕೂ ದ್ವೀಪವನ್ನು ನೆಲಸಮ ಮಾಡಿದೆ. ನಾವೆಲ್ಲ ಪರಿಹಾರದ ಕೆಲಸದಲ್ಲಿದ್ದೇವೆ. ಸಭೆ ರದ್ದಾಗಿದೆ. ದಯವಿಟ್ಟು ಹೊರಡಬೇಡಿ.’

ಸಭೆ ಎಂದರೆ ಜೇನು ಸಾಕುವವರ ಸಭೆ. ಸುಳ್ಯದ ಕಡೆಯವನಾದ ನಾನು ಮೂವತ್ತು ವರ್ಷದಿಂದ ತುಡುವೆ ಸಾಕುತ್ತಿದ್ದೇನೆ. ತುಡುವೆ ನಮ್ಮ ನಾಡಿನ ಸಣ್ಣ ಜೇನು. ಸಾಧು, ಆದರೆ ಮುಂಗೋಪಿ. ಅದಕ್ಕೆ ಸ್ವಲ್ಪ ಬೇಸರವಾದರೂ ರಾಣಿಯನ್ನು ಕರೆದುಕೊಂಡು ಇಡೀ ಕುಟುಂಬ ಹಾರಿ ಹೋಗುತ್ತದೆ. ಆಗ ಕಡಬದಿಂದಲೋ ಸವಣೂರಿನಿಂದಲೋ ನನಗೆ ಫೋನ್ ಬರುತ್ತದೆ: ‘ಕುಶಾಲಪ್ಪಣ್ಣ, ಪೆಟ್ಟಿಗೆ ಖಾಲಿ. ಎಂತ ಮಾಡುದು?’ ಹೀಗೆ ಫೋನಿನಲ್ಲೇ ಡಾಕ್ಟರಿಕೆ ಮಾಡುವ ನನ್ನ ಒಂದು ವಿಡಿಯೋವನ್ನು ಅಳಿಯ ಇಂಟರ್ನೆಟ್ಟಿಗೆ ಹಾಕಿದ್ದ. ಅದು ಹೇಗೋ ವೆಸ್ಟ್ ಇಂಡೀಸಿನ ಗ್ರೆನಡಾ ದೇಶದ ಜೇನು ಸಾಕಣೆಗಾರರ ಕಣ್ಣಿಗೆ ಬಿದ್ದು, ಅವರು ಟಿಕೆಟು ಕಳಿಸಿ ಕರೆದಿದ್ದರು. ಕ್ಯಾರಿಯಾಕೂ ಆ ದೇಶದ್ದೇ ಒಂದು ಸಣ್ಣ ದ್ವೀಪ.

ಮನೆಗೆ ಫೋನ್ ಮಾಡಿದೆ. ಹೆಂಡತಿ ಪುಷ್ಪಾವತಿ ವಿಷಯ ಕೇಳಿ, “ಬೇಡ ಅಂದವರ ಮನೆಗೆ ಹೋಗುದು ಹೇಗೆ? ಅಲ್ಲಿಂದಲೇ ತಿರುಗಿ ಬನ್ನಿ” ಎಂದಳು.

“ವಾಪಸು ಟಿಕೆಟು ಹದಿನೈದು ದಿನ ಕಳೆದ ಮೇಲಿನದ್ದು.”

“ಹಾಗಾದ್ರೆ ಹೋದಲ್ಲಿ ಸುಮ್ಮನೆ ಕೂತು ತಿನ್ಬೇಡಿ. ಅವರಿಗೆ ಕಷ್ಟದ ಹೊತ್ತು. ಎಂತಾದ್ರೂ ಕೆಲಸ ಮಾಡಿ ಮಾರಾಯ್ರೆ.”

ಮಾಡಿದೆ. ಆ ಕೆಲಸದ ಕಥೆಯೇ ಇದು.

ಸೇಂಟ್ ಜಾರ್ಜಸ್

ಗ್ರೆನಡಾದ ರಾಜಧಾನಿ ಸೇಂಟ್ ಜಾರ್ಜಸ್‌ನ ವಿಮಾನ ನಿಲ್ದಾಣಕ್ಕೆ ಮಿಸ್ ಆಲ್ಮಾ ಬಂದಿದ್ದರು. ಅರವತ್ತೈದು ದಾಟಿದ ನಿವೃತ್ತ ಟೀಚರು. ಜೇನು ಸಾಕುವವರ ಸಂಘದ ಹಿರಿಯರು. ಊರಿಗೆ ಊರೇ ಅವರನ್ನು ಮಿಸ್ ಎಂದೇ ಕರೆಯುವುದರಿಂದ ನಾನೂ ಹಾಗೆಯೇ ಕರೆದೆ. ಅವರ ಇಂಗ್ಲಿಷು ನನಗೆ ಹಿಡಿತಕ್ಕೆ ಬರಲು ಎರಡು ದಿನ ಬೇಕಾಯಿತು. ಬಂದ ಮೇಲೆ ನೋಡಿದರೆ, ಮಾತಿನ ಏರಿಳಿತ, ನಡುನಡುವೆ ತಮಾಷೆ, ಸಲಿಗೆ ಎಲ್ಲ ನಮ್ಮ ಕಡೆಯದ್ದೇ. ಆದ್ದರಿಂದ ಈ ಬರಹದಲ್ಲಿ ಅವರೆಲ್ಲ ನಮ್ಮೂರ ಮಾತನ್ನೇ ಆಡುತ್ತಾರೆ. ಓದುಗರು ಅಭ್ಯಂತರ ಮಾಡಬಾರದು.

“ಪತ್ರ ಸಿಗ್ಲಿಲ್ವಾ?” ಎಂದರು ಮಿಸ್ ಆಲ್ಮಾ.

“ಸಿಕ್ಕಿತು. ದಾರಿಯಲ್ಲಿ.”

“ಬಂದದ್ದು ಬಂದಾಯ್ತು. ಮೊದಲು ಊಟ ಮಾಡು.”

ಊಟಕ್ಕೆ ಜೀಗುಜ್ಜೆ ಎಂದು ನಾವು ಕರೆಯುವ ದೀವಿ ಹಲಸು, ಕೆಸುವಿನ ಸೊಪ್ಪು, ಅರಸಿನ ಹಾಕಿ ತೆಂಗಿನ ಹಾಲಿನಲ್ಲಿ ಬೇಯಿಸಿದ ಒಂದು ಪದಾರ್ಥ. ಇಷ್ಟು ಸಮುದ್ರ ದಾಟಿ ಬಂದದ್ದು ಇದಕ್ಕಾ ಎಂದು ನಗು ಬಂತು. ಹಿತ್ತಿಲಿನಲ್ಲಿ ಕೊಕ್ಕೊ, ಜಾಯಿಕಾಯಿ; ಬೇಲಿಯಲ್ಲಿ ದಾಸವಾಳ. ಪುತ್ತೂರು ಪೇಟೆ ದಾಟಿ ಯಾರದೋ ತೋಟಕ್ಕೆ ನೆಂಟನಾಗಿ ಹೋದ ಹಾಗೆ ಅನಿಸಿತು. ಆದರೆ ಆ ಮನೆಯಲ್ಲಿ ರೇಡಿಯೋ ಒಂದು ಕ್ಷಣವೂ ಬಾಯಿ ಮುಚ್ಚುತ್ತಿರಲಿಲ್ಲ.

ಆ ರೇಡಿಯೋ ಬಗ್ಗೆ ಹೇಳಲೇಬೇಕು. ಬಸ್ಸಿನಲ್ಲಿ, ಅಂಗಡಿಯಲ್ಲಿ, ಕ್ಷೌರದಂಗಡಿಯಲ್ಲಿ ಎಲ್ಲ ಕಡೆ ಅದೇ. ಜನ ಫೋನ್ ಮಾಡುವುದು, ತಮ್ಮಲ್ಲಿ ಇರುವುದನ್ನು ಹೇಳುವುದು. ‘ನನ್ನಲ್ಲಿ ಎರಡು ಹಾಸಿಗೆ ಉಂಟು, ಎಲ್ಲಿಗೆ ತರ್ಬೇಕು?’ ‘ನಾನು ಬಡಗಿ, ಶನಿವಾರ ದೋಣಿಯಲ್ಲಿ ಜಾಗ ಉಂಟಾ?’ ಯಾರೂ ‘ಅಯ್ಯೋ ಪಾಪ’ ಎಂದು ಭಾಷಣ ಬಿಗಿಯುವುದಿಲ್ಲ. ಹಿಂದೊಮ್ಮೆ ಬಿರುಗಾಳಿ ಗ್ರೆನಡಾದ ಜಾಯಿಕಾಯಿ ಮರಗಳನ್ನೆಲ್ಲ ಮಲಗಿಸಿದಾಗ ಕ್ಯಾರಿಯಾಕೂವಿನವರು ದೋಣಿ ತುಂಬ ಮೀನು, ಜೋಳ ತಂದು ಕೊಟ್ಟಿದ್ದರಂತೆ. ಅದನ್ನು ಯಾರೂ ಮರೆತಿಲ್ಲ.

ಒಂದು ದಿನ ಜೇನು ಸಾಕುವವರ ಸಂಘದ ಪರವಾಗಿ ಮಿಸ್ ಆಲ್ಮಾ ರೇಡಿಯೋದಲ್ಲಿ ಸಕ್ಕರೆ ಬೇಡಿದರು. ಕ್ಯಾರಿಯಾಕೂ ದ್ವೀಪದಲ್ಲಿ ಒಂದು ಹೂ ಉಳಿದಿಲ್ಲ, ಇದ್ದ ಜೇನೂ ಹಸಿವಿನಿಂದ ಸಾಯುತ್ತಿದೆ ಎಂದರು. ಕೂಡಲೇ ಒಬ್ಬ ಗಂಡಸು ಫೋನ್ ಮಾಡಿ, “ಮನುಷ್ಯರಿಗೇ ಚಾಗೆ ಸಕ್ಕರೆ ಇಲ್ಲ. ನೊಣಕ್ಕೆ ಸಕ್ಕರೆಯಾ?” ಎಂದು ಹಾರಾಡಿದ. ಅವನ ಹಿಂದೆಯೇ ಒಂದು ಹೆಂಗಸಿನ ಫೋನು: “ನಾಳೆ ಹೂವಿಂದ ಹೂವಿಗೆ ಯಾರು ಹೋಗುದು? ನೀನಾ?” ನಾನು ಇದನ್ನು ಕೇಳುತ್ತಿದ್ದ ಬಸ್ಸಿಗೆ ಬಸ್ಸೇ ನಕ್ಕಿತು. ಮರುದಿನ ಮಿಸ್ ಆಲ್ಮಾರ ಜಗಲಿಯಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಸಕ್ಕರೆ ಪೊಟ್ಟಣಗಳು.

ಚರ್ಚಿನ ಅಂಗಳದಲ್ಲಿ ನೀಲಿ ಪ್ಲಾಸ್ಟಿಕ್ ಡ್ರಮ್ಮುಗಳಿಗೆ ಸಾಮಾನು ತುಂಬುತ್ತಿದ್ದರು. ನನಗೂ ಅಲ್ಲೇ ಕೆಲಸ. ಬಟ್ಟೆಯ ಮೇಜಿನ ಹತ್ತಿರ ದಪ್ಪ ಕನ್ನಡಕದ ಒಬ್ಬರು ಅಜ್ಜಿ ಕೂತು ಒಂದೊಂದು ಅಂಗಿಯನ್ನೂ ಬಿಡಿಸಿ, ಗುಂಡಿ ಎಣಿಸಿ, ಕಾಲರು ಮೂಸಿ ನೋಡುತ್ತಿದ್ದರು. ಸರಿಯಿಲ್ಲದ್ದನ್ನು ತಂದವರ ಕೈಗೇ ಕೊಟ್ಟು, “ಇದನ್ನು ಹಾಕ್ಕೊಂಡು ನೀನು ಆದಿತ್ಯವಾರ ಚರ್ಚಿಗೆ ಬರ್ತೀಯಾ? ಇಲ್ಲ ಅಲ್ವಾ? ಹಾಗಾದ್ರೆ ಅವರೂ ಬರುದಿಲ್ಲ” ಎನ್ನುತ್ತಿದ್ದರು. ತಂದವರು ಸಿಟ್ಟು ಮಾಡದೆ, ಮನೆಗೆ ಹೋಗಿ ಬೇರೆ ತರುತ್ತಿದ್ದರು.

ನನಗೆ ಮುಖ ಎತ್ತಲಾಗಲಿಲ್ಲ. ಕೆಲವು ವರ್ಷಗಳ ಹಿಂದೆ ನಮ್ಮ ಸಂಪಾಜೆಯ ಮೇಲ್ಗಡೆ ಗುಡ್ಡ ಜರಿದು ಜನ ಗಂಜಿ ಕೇಂದ್ರಕ್ಕೆ ಬಂದಾಗ ನಾನೂ ಒಂದು ಕಟ್ಟು ಬಟ್ಟೆ ಕೊಟ್ಟಿದ್ದೆ. ಎರಡು ಅಂಗಿಗೆ ಗುಂಡಿ ಇರಲಿಲ್ಲ. ಒಂದು ಪಂಚೆಯಲ್ಲಿ ಬಾಳೆಯ ಕಲೆ. ಕೊಡುವಾಗ ನನಗೆ ಅದು ಗೊತ್ತಿತ್ತು. ಕಷ್ಟದಲ್ಲಿರುವವರಿಗೆ ಇಷ್ಟು ಸಾಕು ಎಂದು ಕೊಟ್ಟಿದ್ದೆ. ಆ ಅಜ್ಜಿಯ ಎದುರು ನಿಂತಾಗ ನಾಚಿಕೆಯಾಯಿತು.

ದೋಣಿಯಲ್ಲಿ

ನಾಲ್ಕನೆಯ ದಿನ ಸಕ್ಕರೆ ಚೀಲಗಳ ಜೊತೆ ನಾವು ಕ್ಯಾರಿಯಾಕೂವಿಗೆ ಹೊರಟೆವು. ದೋಣಿಯಲ್ಲಿ ಒಬ್ಬಾತ ಹೊಸ ಹಾಸಿಗೆಯೊಂದನ್ನು ಉಪ್ಪುನೀರು ತಾಗಬಾರದೆಂದು ದಾರಿಯುದ್ದಕ್ಕೂ ತಲೆಯ ಮೇಲೆಯೇ ಹೊತ್ತು ನಿಂತಿದ್ದ. ಅವನಿಗೆ ತೋಳು ಸೋತಾಗ ಪಕ್ಕದವರು ಕೇಳದೆಯೇ ಒಂದು ಮೂಲೆ ಹಿಡಿದರು. ಹಾಸಿಗೆ ಯಾರಿಗೆ ಎಂದು ಕೇಳಿದೆ. “ಗೊತ್ತಿಲ್ಲ. ಅಲ್ಲಿ ಇಳಿದ ಮೇಲೆ ನೋಡುದು” ಎಂದ.

ಮಿಸ್ ಆಲ್ಮಾ ಅಲ್ಲಿಯವರೆಗೆ ಹೇಳದ ಒಂದು ವಿಷಯವನ್ನು ದೋಣಿಯಲ್ಲಿ ಹೇಳಿದರು. ಅವರ ತಮ್ಮ ಕ್ಲೈವ್ ಕ್ಯಾರಿಯಾಕೂವಿನಲ್ಲಿ ಒಂಟಿಯಾಗಿ ಇದ್ದಾನೆ. ಅವನಿಗಿದ್ದದ್ದು ನಲವತ್ತು ಜೇನು ಪೆಟ್ಟಿಗೆ. ಗಾಳಿಗೆ ಮೂವತ್ತೇಳು ಹೋದವು. ಮನೆಯ ಹಿಂದೆ ಮಳೆನೀರಿನ ತೊಟ್ಟಿಯ ಗೋಡೆಯ ಮರೆಯಲ್ಲಿದ್ದ ಮೂರು ಮಾತ್ರ ಉಳಿದಿವೆ. ಮನೆಯ ಮಾಡು ಹೋಯಿತು, ಗೋಡೆ ಹೋಯಿತು. ಅಕ್ಕನ ಮನೆಗೆ ಬಾ ಎಂದರೆ ಬರಲೊಲ್ಲ.

“ಮೂರು ಪೆಟ್ಟಿಗೆ ಬಿಟ್ಟು ಬರುದು ಹೇಗೆ ಅಂತಾನೆ. ಕಡೆಗೆ ಒಂದು ಮಾತಿಗೆ ಒಪ್ಪಿದ್ದಾನೆ. ನಾನು ಈ ಸಲ ಬಿಟ್ಟು ಮುಂದಿನ ಸಲ ದೋಣಿಯಲ್ಲಿ ಬರುವಾಗ ಜೇನು ಸತ್ತಿದ್ರೆ ನನ್ನ ಜೊತೆ ಬರ್ತಾನಂತೆ. ಬಂದ್ರೆ ಅವನು ಮತ್ತೆ ಆ ಊರಿಗೆ ಹೋಗುದಿಲ್ಲ. ನನಗೆ ಅವನ ಬುದ್ಧಿ ಗೊತ್ತುಂಟು.”

“ನಿಮಗೆ ಯಾವುದು ಆಗ್ಬೇಕು? ಅವನು ಬರುದಾ, ಜೇನು ಬದುಕುದಾ?”

ಮಿಸ್ ಆಲ್ಮಾ ಸಮುದ್ರ ನೋಡುತ್ತಾ, “ತಮ್ಮ ಮಳೆಯಲ್ಲಿ ಮಲಗುದು ನೋಡ್ಲಿಕ್ಕೆ ಆಗುದಿಲ್ಲ. ಅವನ ಜೇನು ಸಾಯ್ಲಿ ಅಂತ ಬೇಡ್ಲಿಕ್ಕೂ ಆಗುದಿಲ್ಲ” ಎಂದರು.

ಕ್ಯಾರಿಯಾಕೂ, ಮೊದಲ ಸಂಜೆ

ನಮ್ಮಲ್ಲಿ ಆಟಿ ಎಂದರೆ ಮಳೆಗಾಲದ ನಡುವಿನ, ಕಲ್ಲಿಗೂ ಹಸಿರು ಬರುವ ತಿಂಗಳು. ಅದೇ ಹೊತ್ತಿನಲ್ಲಿ ಆ ದ್ವೀಪ ದೋಣಿಯಿಂದ ಪೂರ್ತಿ ಕಂದು ಬಣ್ಣದಲ್ಲಿ ಕಂಡಿತು. ಉಳಿದ ಮರಗಳಲ್ಲಿ ಒಂದು ಎಲೆಯಿಲ್ಲ, ತೊಗಟೆಯೂ ಇಲ್ಲ. ದಾರಿಯ ಎರಡೂ ಬದಿಯಲ್ಲಿ ಮುದ್ದೆಯಾದ ತಗಡು.

ಕ್ಲೈವ್ ಅರವತ್ತರ ಉದ್ದನೆಯ ಮನುಷ್ಯ. ಅವನ ಮನೆಯಲ್ಲಿ ಉಳಿದದ್ದು ನೆಲ, ಬಾಗಿಲ ಚೌಕಟ್ಟು, ನೀಲಿ ಟಾರ್ಪಾಲು. ಗೋಡೆ ಇಲ್ಲದ ಕಡೆಯಿಂದ ಒಳಗೆ ಕಾಲಿಡಲು ಹೋದೆ. “ಅಲ್ಲಿಂದ ಬರ್ಬೇಡ ಮಾರಾಯ. ಬಾಗಿಲು ಉಂಟಲ್ಲ, ಬಾಗಿಲಿಂದ ಬಾ” ಎಂದ. ಸುತ್ತಿ ಬಂದು ಬಾಗಿಲಿನಿಂದಲೇ ಹೋದೆ. ಆಮೇಲೆ ಗಮನಿಸಿದೆ, ಆ ಕೇರಿಯವರೆಲ್ಲ ಹಾಗೆಯೇ. ಗೋಡೆಯಿಲ್ಲದ ಮನೆಯ ಹೊರಗೆ ನಿಂತು ಕೂಗಿ, ಒಳಗಿನವರು ‘ಬಾ’ ಎಂದ ಮೇಲೆಯೇ ಚೌಕಟ್ಟು ದಾಟುತ್ತಿದ್ದರು.

ಮಿಸ್ ಆಲ್ಮಾ ಅದೇ ದೋಣಿಯಲ್ಲಿ ಹಿಂದಿರುಗಿದರು. ನನ್ನ ವಿಮಾನದ ದಿನಕ್ಕೆ ಮೊದಲು ಬಂದು ನನ್ನನ್ನು, ಹಾಗೇ ಆದರೆ ತಮ್ಮನನ್ನೂ, ಕರೆದುಕೊಂಡು ಹೋಗುವುದೆಂದು ಮಾತಾಯಿತು.

ಮೂರು ಪೆಟ್ಟಿಗೆಯನ್ನು ತೆರೆದು ನೋಡಿದೆವು. ಎರಿಯ ಮೇಣದ ಕೋಣೆಗಳಲ್ಲಿ ಒಂದು ಹನಿ ಜೇನಿಲ್ಲ. ಸಕ್ಕರೆ ಪಾಕ ಕೊಡಬೇಕು, ಆದರೆ ಕೊಡುವ ಪಾತ್ರೆಗಳೆಲ್ಲ ಗಾಳಿಗೆ ಹೋಗಿದ್ದವು. ಇಲ್ಲಿ ನನ್ನ ಎದೆ ಉಬ್ಬಿತು. ನಮ್ಮ ಮಳೆಗಾಲವೂ ಜೇನಿಗೆ ಉಪವಾಸದ ಕಾಲವೇ. ಆಗ ನಾವು ತೆಂಗಿನ ಗೆರಟೆಯಲ್ಲಿ, ಅಂದರೆ ಕರಟದಲ್ಲಿ, ಪಾಕ ಹೊಯ್ದು, ನೊಣ ಮುಳುಗದ ಹಾಗೆ ಮೇಲೆ ಹುಲ್ಲಿನ ಕಡ್ಡಿ ತೇಲಿಬಿಟ್ಟು, ಪೆಟ್ಟಿಗೆಯ ಒಳಗಿಡುತ್ತೇವೆ. ಬಿದ್ದ ತೆಂಗಿನಕಾಯಿಗೆ ಅಲ್ಲಿ ಬರವೇ? ಮೂರು ಗೆರಟೆ ಕೆರೆದು ನುಣುಪು ಮಾಡಿ ಪಾಕ ಇಟ್ಟೆ. ನೊಣಗಳು ಮುತ್ತಿ ಕುಡಿದವು. ಕ್ಲೈವ್ ತಲೆ ಕೆರೆದುಕೊಂಡು, “ಇಷ್ಟು ವರ್ಷ ತೆಂಗಿನಮರದ ಅಡಿಯಲ್ಲೇ ಕೂತಿದ್ದೆ. ನನಗೆ ಹೊಳೆಯಲಿಲ್ಲ ನೋಡು” ಎಂದು ನಕ್ಕ. ನನ್ನ ಜಂಬಕ್ಕೆ ಅಷ್ಟೇ ಸಾಕಾಯಿತು.

ಅವನು ನೀರಿನ ಸರದಿಗೆ ಹೋದ. ಸಂಜೆಯಾಗುತ್ತಿತ್ತು. ಮೂರರಲ್ಲಿ ಒಂದು ಪೆಟ್ಟಿಗೆಯ ನೊಣಗಳು ಬಾಗಿಲಲ್ಲಿ ಗೊಂದಲವಾಗಿ ಓಡಾಡುತ್ತಿದ್ದವು. ಮೂವತ್ತು ವರ್ಷದ ಅಭ್ಯಾಸ ನನ್ನ ಕಿವಿಯಲ್ಲಿ ಹೇಳಿತು: ಇದು ಹಾರಿ ಹೋಗುವ ಲಕ್ಷಣ. ನಮ್ಮಲ್ಲಿ ಇದಕ್ಕೆ ಮದ್ದು ರಾಣಿ ಗೇಟು. ಸಣ್ಣ ಸಣ್ಣ ಕಿಂಡಿಯ ಒಂದು ತಗಡಿನ ಪಟ್ಟಿ. ಅದನ್ನು ಬಾಗಿಲಿಗೆ ಹೊಡೆದರೆ ಕೆಲಸದ ನೊಣ ದಾಟುತ್ತದೆ, ಮೈ ದೊಡ್ಡದಾದ ರಾಣಿ ದಾಟಲಾರಳು. ರಾಣಿ ಉಳಿದರೆ ಕುಟುಂಬವೂ ಉಳಿಯುತ್ತದೆ. ಸಭೆಯಲ್ಲಿ ಕಾಣಿಕೆ ಕೊಡಲೆಂದು ಅಂಥ ಇಪ್ಪತ್ತು ಗೇಟು ಊರಿನಿಂದ ತಂದಿದ್ದೆ. ಒಂದನ್ನು ತೆಗೆದು ಆ ಪೆಟ್ಟಿಗೆಗೆ ಹೊಡೆದೆ. ಹೊಡೆಯುವಾಗ ಕತ್ತಲಾಗಿ ನೊಣಗಳೆಲ್ಲ ಒಳಗೆ ಸೇರಿದ್ದವು. ಕ್ಲೈವ್ ಬಂದ ಮೇಲೆ ಹೇಳೋಣ ಎಂದುಕೊಂಡೆ. ಅವನು ಬಂದಾಗ ಮಾತು ಕ್ರಿಕೆಟ್ಟಿನ ಕಡೆ ಹೋಯಿತು, ನಾನು ಮರೆತೆ.

ಎರಡನೆಯ ದಿನ

ಬೆಳಿಗ್ಗೆ ಬಿಸಿಲೇರಿದ ಮೇಲೆ ಕ್ಲೈವ್ ಕೂಗಿದ್ದು ಕೇಳಿ ಓಡಿದೆ. ಅವನ ಜೇನು ತುಡುವೆಯಲ್ಲ, ಹೊರದೇಶದ ದೊಡ್ಡ ಜಾತಿ. ಕೆಲಸದ ನೊಣದ ಮೈಯೇ ನಮ್ಮದಕ್ಕಿಂತ ಎಷ್ಟೋ ದಪ್ಪ. ಅದು ನನಗೆ ಗೊತ್ತಿತ್ತು. ಹಿಂದಿನ ದಿನ ಕಣ್ಣಾರೆ ನೋಡಿದ್ದೆ. ಆದರೂ ನನ್ನ ಕೈಗೆ ಗೊತ್ತಿರಲಿಲ್ಲ. ನಮ್ಮ ರಾಣಿಗೆ ಮಾಡಿದ ಕಿಂಡಿಯಲ್ಲಿ ಅವರ ಒಂದು ನೊಣವೂ ಹೊರಬರಲು ಆಗಿರಲಿಲ್ಲ. ಹೊರಗೆ ಹೋಗಲು ಎಲ್ಲವೂ ಬಾಗಿಲಿಗೆ ಮುಗಿಬಿದ್ದು, ಗಾಳಿಯೂ ಕಟ್ಟಿ, ಒಳಗೆ ಬೆಂದಿದ್ದವು. ಕ್ಲೈವ್ ಕತ್ತಿಯಿಂದ ತಗಡು ಕಿತ್ತು ಮುಚ್ಚಳ ತೆಗೆದ. ಪೆಟ್ಟಿಗೆಯ ತಳದಲ್ಲಿ ಸತ್ತ ನೊಣಗಳ ಒದ್ದೆ ರಾಶಿ. ರಾಣಿಯೂ ಅದರಲ್ಲೇ ಇದ್ದಳು.

ನಾನು ಏನು ಹೇಳಿದೆನೋ ನೆನಪಿಲ್ಲ. ಚಂಡಮಾರುತಕ್ಕೆ ತಪ್ಪಿಸಿಕೊಂಡ ಮೂರರಲ್ಲಿ ಒಂದನ್ನು, ಸಹಾಯ ಮಾಡಲು ಬಂದ ನಾನು ಒಂದೇ ರಾತ್ರಿಗೆ ಕೊಂದಿದ್ದೆ.

ಕ್ಲೈವ್ ಎರಿಗಳನ್ನು ಒಂದೊಂದಾಗಿ ಎತ್ತಿ, ಬದುಕಿದ ನೊಣ ಎಷ್ಟೆಂದು ನೋಡಿದ. ಆಮೇಲೆ, “ಒಂದು ಪೇಪರ್ ಕೊಡು” ಎಂದ. ಡ್ರಮ್ಮಿನ ಸಾಮಾನಿಗೆ ಸುತ್ತಿದ್ದ ಹಳೆಯ ಪೇಪರು ಕೊಟ್ಟೆ. ಪಕ್ಕದ ಪೆಟ್ಟಿಗೆಯ ಮುಚ್ಚಳ ತೆಗೆದು ಅದನ್ನು ಮೇಲೆ ಹಾಸಿ, ಬದುಕಿದ್ದ ಒಂದು ಹಿಡಿ ನೊಣಗಳಿದ್ದ ಎರಿಗಳನ್ನು ತಳವಿಲ್ಲದ ಒಂದು ಖಾಲಿ ಗೂಡಿನಲ್ಲಿಟ್ಟು ಅದರ ಮೇಲೆ ಕೂರಿಸಿದ. ಎರಡು ಕುಟುಂಬ ಸೇರಿಸಲು ನಾವೂ ಹೀಗೆಯೇ ಮಾಡುವುದು. ನೊಣಗಳು ಪೇಪರನ್ನು ಕಡಿದು ತೂತು ಮಾಡುವಷ್ಟರಲ್ಲಿ ಒಂದರ ವಾಸನೆ ಇನ್ನೊಂದಕ್ಕೆ ಒಗ್ಗಿ, ಜಗಳವಾಗುವುದಿಲ್ಲ.

ಕೆಲಸ ಮುಗಿಸಿ ಅವನು ನನ್ನ ಪಕ್ಕ ಕೂತ. “ಮೂವತ್ತೇಳು ಪೆಟ್ಟಿಗೆ ಗಾಳಿ ತೆಕ್ಕೊಂಡು ಹೋಯ್ತು. ಗಾಳಿ ನನ್ಹತ್ರ ಒಂದು ಮಾತು ಹೇಳಿದೆಯಾ? ನೀನು ಬೆಳಿಗ್ಗೆಯಿಂದ ಹತ್ತು ಸಲ ತಪ್ಪಾಯ್ತು ಅಂದಿದ್ದಿ. ಸಾಕು.”

ನನಗೆ ಸಾಕಾಗಲಿಲ್ಲ. ಮಧ್ಯಾಹ್ನ ಪರಿಹಾರದ ಊಟಕ್ಕೆ ಹೋಗದೆ ತೊಟ್ಟಿಯ ಕಟ್ಟೆಯ ಮೇಲೆಯೇ ಕೂತೆ. ಗೋಡೆಯಿಲ್ಲದ ಊರಿನಲ್ಲಿ ಗುಟ್ಟು ಎಲ್ಲಿ ನಿಲ್ಲುತ್ತದೆ? ಸ್ವಲ್ಪ ಹೊತ್ತಿಗೆ ಪಕ್ಕದ ಮನೆಯ ಮಿಸ್ ಐನೆಝ್ ಎಂಬ ಎಂಬತ್ತರ ಅಜ್ಜಿ ಕೋಲೂರಿಕೊಂಡು, ಒಂದು ಕೈಯಲ್ಲಿ ತಟ್ಟೆ ಹಿಡಿದು ಬಂದರು. ಅನ್ನ, ಮೇಲೊಂದು ಹುರಿದ ಮೀನು.

“ಊಟ ಬಿಟ್ಟಿದ್ದಿ ಅಂತೆ. ಜನ ಎಷ್ಟು ದೂರದಿಂದ ಡ್ರಮ್ಮಿನಲ್ಲಿ ಅಕ್ಕಿ ಕಳಿಸಿದ್ದಾರೆ! ಈ ಊರಲ್ಲಿ ಈಗ ಊಟ ಬಿಡ್ಲಿಕ್ಕೆ ಯಾರಿಗೂ ಹಕ್ಕಿಲ್ಲ. ತಿನ್ನು ಮಗಾ.”

ಅವರ ಹಿಂದೆ ಇನ್ನೊಬ್ಬಾಕೆ ಬಿಸಿ ಕೊಕ್ಕೊ ತಂದಳು. ದೋಣಿ ಕಟ್ಟುವ ಆಚಾರಿಯೊಬ್ಬ ಕುರ್ಚಿ ತಂದಿಟ್ಟು, “ಕಲ್ಲಿನ ಮೇಲೆ ಕೂರ್ಬೇಡ, ಬಿಸಿ ಉಂಟು” ಎಂದು ಹೋದ. ಆ ಕುರ್ಚಿ ಅವನ ಮನೆಯಲ್ಲಿ ಉಳಿದಿದ್ದ ಒಂದೇ ಕುರ್ಚಿ ಎಂದು ಆಮೇಲೆ ತಿಳಿಯಿತು. ನಮ್ಮಲ್ಲಿ ಸಾವಿನ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ, ನೆರೆಮನೆಯಿಂದ ಊಟ ಬರುತ್ತದೆ. ಇಲ್ಲಿ ಸತ್ತದ್ದು ಕ್ಲೈವ್‌ನ ಜೇನು, ಕೊಂದವನು ನಾನು, ಊಟ ಬಂದದ್ದೂ ನನಗೆ. ತಟ್ಟೆ ಮಡಿಲಲ್ಲಿಟ್ಟುಕೊಂಡು ಅತ್ತುಬಿಟ್ಟೆ. ಮಿಸ್ ಐನೆಝ್ ನಾನು ಅನ್ನ ಮುಗಿಸುವವರೆಗೆ ಅಲ್ಲೇ ನಿಂತಿದ್ದು ಖಾಲಿ ತಟ್ಟೆ ತೆಗೆದುಕೊಂಡು ಹೋದರು.

ಆ ಸಂಜೆ ಕ್ಲೈವ್ ಪಾಕದ ಪಾತ್ರೆಯನ್ನು ನನ್ನ ಎದುರು ಇಟ್ಟ. ನಾನು ಇನ್ನು ನಿನ್ನ ಪೆಟ್ಟಿಗೆ ಮುಟ್ಟುವುದಿಲ್ಲ ಎಂದೆ.

“ಮುಟ್ಟದೆ ಹೋದ್ರೆ ನಿನ್ನ ಕೈಗೆ ಬುದ್ಧಿ ಬರುದು ಹೇಗೆ? ಗೆರಟೆಯ ವಿದ್ಯೆ ನಿನ್ನದು. ನೀನೇ ಕೊಡು.”

ಕೊಟ್ಟೆ. ಅರ್ಧ ಪಾಕ ಗೆರಟೆಯ ಹೊರಗೆ ಚೆಲ್ಲಿತು. ಇರುವೆ ಬರಬಾರದೆಂದು ಕ್ಲೈವ್ ಅದನ್ನು ಒರೆಸಿದ.

ಮುಂದಿನ ದಿನಗಳು

ಬೆಳಿಗ್ಗೆ ಹೊತ್ತು ನಾನು ಆಚಾರಿಯ ಕೈಕೆಳಗೆ ಕೆಲಸ ಮಾಡಿದೆ. ಮುರಿದ ಹಲಗೆಗಳಿಂದ ಮೊಳೆ ಕೀಳುವುದು, ಕಲ್ಲಿನ ಮೇಲಿಟ್ಟು ನೆಟ್ಟಗೆ ಮಾಡುವುದು. ಮೊದಲ ದಿನ ಮೊಳೆಗಿಂತ ಹೆಚ್ಚು ಪೆಟ್ಟು ಹೆಬ್ಬೆರಳಿಗೆ ಬಿತ್ತು. ಅಕ್ಕಪಕ್ಕದ ದ್ವೀಪಗಳಿಂದ ಕರೆಂಟಿನ ಕೆಲಸದವರು ಬಂದಿದ್ದರು. ಅವರ ಲಾರಿ ಹೋಗುವಾಗ ಜನ ಕೆಲಸ ನಿಲ್ಲಿಸಿ ಚಪ್ಪಾಳೆ ತಟ್ಟುತ್ತಿದ್ದರು. ಸುಬ್ರಹ್ಮಣ್ಯದ ಕಡೆ ಮಳೆಗಾಲದಲ್ಲಿ ಕಂಬ ಹತ್ತುವ ನಮ್ಮ ಲೈನ್‌ಮ್ಯಾನ್‌ಗಳಿಗೆ ನಾವು ಬೈದದ್ದಲ್ಲದೆ ಚಪ್ಪಾಳೆ ತಟ್ಟಿದ್ದುಂಟೇ?

ಆದರೆ ಜೇನಿನ ವಿಷಯ ಸರಿಹೋಗಲಿಲ್ಲ. ಪಾಕ ಕುಡಿದು ನೊಣಗಳು ಬದುಕಿದ್ದವು, ಅಷ್ಟೆ. ಮರಿಗಳಿಗೆ ಉಣಿಸಲು ಪರಾಗ ಬೇಕು; ಹೂವಿಲ್ಲದೆ ಪರಾಗ ಎಲ್ಲಿಂದ? ರಾಣಿಯರು ಮೊಟ್ಟೆ ಇಡುವುದನ್ನು ನಿಲ್ಲಿಸಿದ್ದರು. ಹಳೆಯ ನೊಣ ದಿನಾ ಸಾಯುತ್ತಿತ್ತು, ಹೊಸದು ಹುಟ್ಟುತ್ತಿರಲಿಲ್ಲ. ಕ್ಲೈವ್ ಪ್ರತಿ ಬೆಳಿಗ್ಗೆ ಎರಡು ಪೆಟ್ಟಿಗೆಗಳ ಎದುರು ಕೂತು ಪರಾಗದ ಉಂಡೆ ಅಂಟಿದೆಯೇ ಎಂದು ಹಿಂದಿರುಗುವ ನೊಣಗಳ ಕಾಲು ನೋಡುತ್ತಿದ್ದ. ಎಲ್ಲ ಬರಿಗಾಲಲ್ಲೇ ಬರುತ್ತಿದ್ದವು. ಮಿಸ್ ಆಲ್ಮಾ ಬರುವ ಮುನ್ನಾದಿನ ಸಂಜೆ ಅವನು ಒಂದು ಹಳೆಯ ಚೀಲ ಹುಡುಕಿ ತೆಗೆದು, ಕೊಡವಿ, ಬಾಗಿಲ ಚೌಕಟ್ಟಿಗೆ ಸಿಕ್ಕಿಸಿದ. ನಾಳೆ ಅಕ್ಕನ ಜೊತೆ ಹೊರಡುವ ತಯಾರಿ ಅದು.

ಕೊನೆಯ ಬೆಳಿಗ್ಗೆ

ನಾನು ಬಟ್ಟೆ ತುಂಬುತ್ತಿದ್ದಾಗ ಕ್ಲೈವ್ ಕೂಗಿದ. ಆ ಇನ್ನೊಂದು ಬೆಳಿಗ್ಗೆ ಕೂಗಿದ್ದು ನೆನಪಾಗಿ ಬಟ್ಟೆ ಅಲ್ಲೇ ಬಿಟ್ಟು ಓಡಿದೆ. ಹೋಗಿ ನೋಡಿದರೆ ಅವನು ಮಣ್ಣಿನಲ್ಲಿ ಮಂಡಿಯೂರಿದ್ದ. ಪೆಟ್ಟಿಗೆಯ ಬಾಗಿಲಲ್ಲಿ ಒಂದು ನೊಣ ಇಳಿದು ನಡೆಯುತ್ತಿತ್ತು. ಅದರ ಎರಡೂ ಹಿಂಗಾಲಿನಲ್ಲಿ ಹಳದಿ ಉಂಡೆ. ಅದರ ಹಿಂದೆ ಇನ್ನೊಂದು. ಮತ್ತೂ ಒಂದು.

“ಪರಾಗ!” ಎಂದೆ.

“ನನಗೆ ಕಾಣ್ತದೆ ಮಾರಾಯ. ಅದು ಎಲ್ಲಿಂದ?”

ಅವನು ಎದ್ದು ಕೇರಿಗೆಲ್ಲ ಕೇಳುವ ಹಾಗೆ ಕೂಗಿದ, “ಯಾರ ಮನೆಯಲ್ಲಿ ಹೂ ಆಗಿದೆ?”

ಸುತ್ತಿಗೆಯ ಸದ್ದು ನಿಂತಿತು. ಒಬ್ಬೊಬ್ಬರಾಗಿ ಜನ ಬಂದರು. ಬಂದವರೆಲ್ಲ ಮಾಮೂಲಿನಂತೆ ಹೊರಗೆ ನಿಂತು, ಕ್ಲೈವ್ ‘ಬನ್ನಿ’ ಎಂದ ಮೇಲೆ ಬಾಗಿಲ ಚೌಕಟ್ಟು ದಾಟಿ, ಹಿತ್ತಿಲಲ್ಲಿ ಸಾಲಾಗಿ ನಿಂತು, ಸರದಿ ಬಂದಾಗ ಬಗ್ಗಿ ನೊಣದ ಕಾಲು ನೋಡಿದರು. ತೆಂಗಿನದ್ದು ಎಂದು ಒಬ್ಬ, ಅಲ್ಲ ಎಂದು ಇನ್ನೊಬ್ಬಳು. ಕಡೆಗೆ ಮಿಸ್ ಐನೆಝ್ ಬಗ್ಗಿ ನೋಡಿ ಕೋಲನ್ನು ನೆಲಕ್ಕೆ ಕುಟ್ಟಿದರು.

“ಅದು ನನ್ನದು! ಬಿದ್ದ ತಗಡಿನ ಅಡಿಯಲ್ಲಿ ಕುಂಬಳದ ಬಳ್ಳಿ ಉಳಿದಿತ್ತು. ನಿನ್ನೆ ಹೊರಗೆ ತಲೆ ಹಾಕಿ ಹೂ ಬಿಟ್ಟಿದೆ.”

ಎಲ್ಲರೂ ಅಜ್ಜಿಯ ಬೆನ್ನು ತಟ್ಟಿದರು. ಹೂ ಬಿಟ್ಟದ್ದು ಅವರೇ ಎನ್ನುವ ಹಾಗೆ. ನಮ್ಮೂರಲ್ಲಿ ಆಗಿದ್ದರೆ ಇಷ್ಟು ಹೊತ್ತಿಗೆ ಆ ಹೂವನ್ನು ಹಿಟ್ಟಿನಲ್ಲಿ ಅದ್ದಿ ಪೋಡಿ ಕರಿದು ತಿಂದಾಗುತ್ತಿತ್ತು ಎಂದು ನಾನು ಹೇಳಿದೆ. ಆ ಜನ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಮಿಸ್ ಆಲ್ಮಾ ಅಷ್ಟರಲ್ಲಿ ದೋಣಿಯಿಳಿದು ಬಂದಿದ್ದರು. ಅಷ್ಟು ಜನ ಸೇರಿದ್ದು ನೋಡಿ ಏನೋ ಕೆಟ್ಟದ್ದಾಯಿತೆಂದು ಅವರ ಮುಖ ಕಪ್ಪಿಟ್ಟಿತ್ತು. ಚೌಕಟ್ಟಿನ ಹೊರಗೆ ನಿಂತೇ ಕೇಳಿದರು, “ಕ್ಲೈವ್, ಚೀಲ ಕಟ್ಟಿ ಆಯ್ತಾ?”

“ಆಯ್ತು ಅಕ್ಕ” ಎಂದು ಕ್ಲೈವ್ ನನ್ನ ಕಡೆ ಕೈ ತೋರಿಸಿದ. “ಇವನದ್ದು ಮಾತ್ರ.”

ಮಿಸ್ ಆಲ್ಮಾ ತಮ್ಮನ ಮುಖವನ್ನೇ ನೋಡಿದರು. ಆಮೇಲೆ ಬಾಗಿಲಿನಿಂದ ಒಳಗೆ ಬಂದು, ಕನ್ನಡಕ ಒರೆಸಿಕೊಂಡು, ಸಾಲಿನ ಕೊನೆಯಲ್ಲಿ ನಿಂತರು.